ಆಗಸ್ಟ್ 16ರ ನಂತರ ಈಸೂರಿನ ಸುದ್ದಿ ಬರೆಯೋರು ಯಾರು? ತಾಲ್ಲೂಕು ಸುದ್ದಿ ಸೈಟ್‌ಗಳ ದುಡ್ಡಿನ ಲೆಕ್ಕ ಇಲ್ಲಿದೆ

ಶಿಕಾರಿಪುರ: ಆಗಸ್ಟ್ 15 ಬಂತು ಅಂದ್ರೆ ಈಸೂರಿನ ಹೆಸರು ಎಲ್ಲ ಪತ್ರಿಕೆ, ಟಿವಿಗಳಲ್ಲೂ ಬರುತ್ತೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ 1942ರಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡ ಊರು ಇದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರ್ ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರಿಗೆ ಗಲ್ಲಾಯಿತು. ಈ ಕಥೆ ಪ್ರತಿ ವರ್ಷ ಪ್ರಕಟವಾಗುತ್ತೆ. ಆಗಬೇಕಾದದ್ದೇ.

ಆದರೆ ಆಗಸ್ಟ್ 16ಕ್ಕೆ ಏನಾಗುತ್ತೆ? ಗ್ರಾಮಸಭೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಹಣ ಇಟ್ಟರು, ಅಂಜನಾಪುರ ಜಲಾಶಯದ ನೀರು ನಾಲೆಗೆ ಯಾವತ್ತು ಬಿಡ್ತಾರೆ, ಮೆಸ್ಕಾಂನವರು ನಾಳೆ ಎಷ್ಟು ಹೊತ್ತು ಕರೆಂಟ್ ತೆಗೀತಾರೆ, ಮೆಕ್ಕೆಜೋಳಕ್ಕೆ ಇವತ್ತು ಏನು ರೇಟು? ಇದನ್ನೆಲ್ಲ ಬರೆಯೋಕೆ ಬೆಂಗಳೂರಿನಿಂದ ಯಾರೂ ಬರಲ್ಲ. ಬರೆದರೆ ಜಿಲ್ಲೆ, ತಾಲ್ಲೂಕಿನ ಪತ್ರಿಕೆಗಳು ಮತ್ತು ನಮ್ಮಂಥ ಸುದ್ದಿ ಸೈಟ್‌ಗಳೇ ಬರೆಯಬೇಕು.

ಓದುಗರಿಗೆ ಈ ಸುದ್ದಿ ಮೊಬೈಲ್‌ನಲ್ಲಿ ಪುಕ್ಕಟೆ ಸಿಗುತ್ತೆ. ತಯಾರಾಗೋದು ಮಾತ್ರ ಪುಕ್ಕಟೆ ಅಲ್ಲ. ಹಾಗಾದ್ರೆ ದುಡ್ಡು ಕೊಡೋರು ಯಾರು? ಅಂಗಡಿ ಇಟ್ಟವರು, ಜಾಹೀರಾತು ಕೊಡೋರು, ದಿನಾ ಸುದ್ದಿ ಓದೋರು ಎಲ್ಲರೂ ತಿಳ್ಕೊಳ್ಳಬೇಕಾದ ವಿಷಯ ಇದು. ಯಾಕಂದ್ರೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದರ ಮೇಲೆ ಯಾವ ಸುದ್ದಿ ಬರುತ್ತೆ, ಯಾವುದು ಬರಲ್ಲ ಅನ್ನೋದು ನಿಂತಿದೆ.

ಖರ್ಚು ಎಷ್ಟು?

ಸೈಟ್ ಶುರು ಮಾಡೋದು ಸುಲಭ. ಒಂದು ಹೆಸರು ಕೊಂಡುಕೊಂಡು, ಸರ್ವರ್ ಬಾಡಿಗೆ ಹಿಡಿದರೆ ಒಂದೇ ದಿನದಲ್ಲಿ ಆಗುತ್ತೆ. ಪ್ರಿಂಟಿಂಗ್ ಪ್ರೆಸ್ ಬೇಡ, ಕಾಗದ ಬೇಡ, ಬೆಳಗಿನ ಜಾವ ಪೇಪರ್ ಹಾಕೋ ಹುಡುಗರು ಬೇಡ. ಕಷ್ಟ ಇರೋದು ದಿನಾ ನಡೆಸೋದರಲ್ಲಿ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಇದು ಯಾವುದೋ ಒಂದು ಸೈಟ್‌ನ ಲೆಕ್ಕ ಅಲ್ಲ, ಅಂದಾಜಿಗೆ ಇಟ್ಟುಕೊಂಡ ಅಂಕಿಗಳು. ಸೈಟ್ ಹೆಸರು, ಸರ್ವರ್ ಸೇರಿ ತಿಂಗಳಿಗೆ 1,500 ರೂ. ಒಬ್ಬ ವರದಿಗಾರನಿಗೆ 15,000 ರೂ. ಬೈಕಿನ ಪೆಟ್ರೋಲ್, ಮೊಬೈಲ್ ಖರ್ಚು 4,500 ರೂ. ಸುದ್ದಿ ತಿದ್ದಿ, ಪರಿಶೀಲಿಸಿ ಹಾಕುವವರಿಗೆ 15,000 ರೂ. ಒಟ್ಟು 36,000 ರೂ. ಆಫೀಸ್ ಬಾಡಿಗೆ, ಕ್ಯಾಮೆರಾ, ಲ್ಯಾಪ್‌ಟಾಪ್ ರಿಪೇರಿ ಇದರಲ್ಲಿ ಸೇರಿಲ್ಲ. ಇಬ್ಬರೇ ಇಬ್ಬರು ಸೇರಿ ಇಡೀ ತಾಲ್ಲೂಕು ಸುತ್ತುವ ಲೆಕ್ಕ ಇದು.

ಗೂಗಲ್ ಜಾಹೀರಾತಿನಿಂದ ಎಷ್ಟು ಬರುತ್ತೆ?

ಸುದ್ದಿಯ ಮಧ್ಯೆ ಕಾಣಿಸೋ ಜಾಹೀರಾತುಗಳನ್ನ ಹೆಚ್ಚಾಗಿ ಗೂಗಲ್‌ನ ಆಡ್‌ಸೆನ್ಸ್ ಹಾಕುತ್ತೆ. ಜಾಹೀರಾತುದಾರ ಕೊಟ್ಟ ಹಣದಲ್ಲಿ ಸುಮಾರು ಶೇ 68ರಷ್ಟು ಸೈಟ್‌ನವರಿಗೆ ಬರುತ್ತೆ, ಉಳಿದದ್ದು ಗೂಗಲ್‌ಗೆ. ಖಾತೆಯಲ್ಲಿ 100 ಡಾಲರ್ ಆಗೋವರೆಗೆ ಹಣ ಕೈಗೆ ಸಿಗಲ್ಲ. ಎಷ್ಟೋ ಹೊಸ ಸೈಟ್‌ಗಳಿಗೆ ಮೊದಲ ಪೇಮೆಂಟ್ ನೋಡೋಕೇ ತಿಂಗಳುಗಟ್ಟಲೆ ಕಾಯಬೇಕಾಗುತ್ತೆ.

ಸಾವಿರ ಸಲ ಪುಟ ತೆರೆದರೆ 40 ರೂ. ಸಿಗುತ್ತೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 10,000 ಸಲ ಪುಟ ತೆರೆದರೆ 400 ರೂ., ತಿಂಗಳಿಗೆ 12,000 ರೂ. ಖರ್ಚು 36,000, ಬಂದದ್ದು 12,000. ಇನ್ನೂ 24,000 ರೂ. ಕಡಿಮೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದು ಅಪಘಾತದ ಸುದ್ದಿಯನ್ನ 8,000 ಸಲ ತೆರೀತಾರೆ ಅಂದುಕೊಳ್ಳಿ, 320 ರೂ. ಬಂತು. ಈಸೂರಿನ ಗ್ರಾಮಸಭೆ ವರದಿಯನ್ನ 300 ಸಲ ತೆರೆದರೆ ಬರೋದು 12 ರೂ. ಅಪಘಾತದ ಫೋಟೋ ಕೂತಲ್ಲಿಗೇ ವಾಟ್ಸಾಪ್‌ನಲ್ಲಿ ಬರುತ್ತೆ. ಗ್ರಾಮಸಭೆಗೆ ಬೈಕಿನಲ್ಲಿ ಹೋಗಿ, ಅರ್ಧ ದಿನ ಕೂತು, ಪಿಡಿಒ ಹತ್ತಿರ ಅಂಕಿ ಅಂಶ ಕೇಳಿ ಬರಬೇಕು. 12 ರೂಪಾಯಿ ಪೆಟ್ರೋಲಿಗೂ ಸಾಲದು.

‘ನೋಡಿದ್ರೆ ಶಾಕ್ ಆಗ್ತೀರಾ’ ಅನ್ನೋ ಥರದ ಹೆಡ್ಡಿಂಗ್‌ಗಳು ಯಾಕೆ ಜಾಸ್ತಿ ಆಗಿವೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಮಳೆಗಾಲದಲ್ಲಿ ‘ನಾಳೆ ಶಾಲೆಗೆ ರಜೆ?’ ಅಂತ ಡಿಸಿ ಆದೇಶ ಬರೋ ಮೊದಲೇ ಹಾಕೋದೂ ಇದಕ್ಕೇ. ಬರೆಯೋರು ಕೆಟ್ಟವರು ಅಂತಲ್ಲ, ಪುಟ ತೆರೆದ ಲೆಕ್ಕದಲ್ಲೇ ಸಂಬಳ ಬರೋದಾದರೆ ಆ ದಾರಿಗೇ ಎಳೆಯುತ್ತೆ.

ಸರ್ಕಾರಿ ಜಾಹೀರಾತು ಸಿಗಲ್ವಾ?

ಸಿಗಬಹುದು, ಆದರೆ ದೊಡ್ಡವರಿಗೆ. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದಿತು. ಕೇಂದ್ರದ ಪಟ್ಟಿಗೆ ಸೇರೋಕೆ ಸೈಟ್‌ಗೆ ತಿಂಗಳಿಗೆ ಕನಿಷ್ಠ 2.5 ಲಕ್ಷ ಬೇರೆ ಬೇರೆ ಓದುಗರು ಇರಬೇಕು. ಈಗ ಇನ್ನೊಂದು ಲೆಕ್ಕ ನೋಡಿ. 2011ರ ಜನಗಣತಿ ಪ್ರಕಾರ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. ಏಳು ತಾಲ್ಲೂಕಿಗೆ ಸಮನಾಗಿ ಹಂಚಿದರೆ ತಾಲ್ಲೂಕಿಗೆ ಬರೋದು ಸುಮಾರು 2.5 ಲಕ್ಷ. ಅಂದ್ರೆ ಒಂದು ತಾಲ್ಲೂಕಿನ ಸೈಟ್ ಈ ಪಟ್ಟಿ ಸೇರಬೇಕಾದರೆ ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜ ಅಜ್ಜಿವರೆಗೆ ಊರವರೆಲ್ಲ ಓದಬೇಕು! ಅಷ್ಟು ಓದುಗರನ್ನ ತೋರಿಸೋಕೆ ಸಿನಿಮಾ, ರಾಶಿ ಭವಿಷ್ಯ, ರಾಜ್ಯ ರಾಜಕೀಯ ಹಾಕಲೇಬೇಕಾಗುತ್ತೆ. ಆಗ ಈಸೂರು, ಸೊರಬದ ಸುದ್ದಿ ಮೂಲೆಗೆ ಹೋಗುತ್ತೆ.

ರಾಜ್ಯ ಸರ್ಕಾರವೂ 2024ರಲ್ಲಿ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ತಂದಿದೆ. ಇದನ್ನ ನೋಡಿಕೊಳ್ಳೋದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಅಲ್ಲಿಂದ ಜಾಹೀರಾತು ಸಿಕ್ಕರೂ ಅದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ. ಸರ್ಕಾರಿ ಕಚೇರಿಯ ಕೆಲಸದ ಬಗ್ಗೆ ಪ್ರಶ್ನೆ ಕೇಳಬೇಕಾದವರು ಪೂರ್ತಿ ಸರ್ಕಾರದ ದುಡ್ಡಿನ ಮೇಲೆ ನಿಂತರೆ ಪ್ರಶ್ನೆಯ ಧ್ವನಿ ತಗ್ಗುತ್ತೆ.

ದೊಡ್ಡ ಕಂಪನಿಗಳೂ ಎಡವಿವೆ

ಊರು ಊರಿಗೆ ಸುದ್ದಿ ಸೈಟ್ ಅನ್ನೋ ಯೋಚನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದ ಎಒಎಲ್ ಕಂಪನಿ 2009ರಲ್ಲಿ ‘ಪ್ಯಾಚ್’ ಅನ್ನೋ ಸ್ಥಳೀಯ ಸುದ್ದಿ ಸಂಸ್ಥೆ ಕೊಂಡು ಸುಮಾರು 900 ಊರುಗಳಿಗೆ ಹರಡಿತು. ಖರ್ಚು ತೂಗಲಿಲ್ಲ. 2014ರಲ್ಲಿ ಹೆಚ್ಚಿನ ಪಾಲು ಬೇರೆಯವರಿಗೆ ಮಾರಿತು, ನೂರಾರು ಜನ ಕೆಲಸ ಕಳೆದುಕೊಂಡರು.

ನಮ್ಮ ಕರಾವಳಿಯಲ್ಲಿ ಬೇರೆ ಅನುಭವವೂ ಇದೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು, ಬೆಳ್ತಂಗಡಿಯಲ್ಲಿ ‘ಸುದ್ದಿ ಬಿಡುಗಡೆ’ ಒಂದೊಂದು ತಾಲ್ಲೂಕನ್ನೇ ನೆಚ್ಚಿಕೊಂಡು ದಶಕಗಳಿಂದ ನಡೆದಿದೆ. ಮೊದಲು ಅಚ್ಚಿನ ಪತ್ರಿಕೆ, ಆಮೇಲೆ ಸೈಟ್. ಮಂಗಳೂರಿನ ‘ದಾಯ್ಜಿವರ್ಲ್ಡ್’ 2001ರಲ್ಲಿ ಶುರುವಾಗಿ, ಗಲ್ಫ್‌ನಲ್ಲಿ ಇರೋ ಕರಾವಳಿಯವರನ್ನ ಓದುಗರನ್ನಾಗಿ ಮಾಡಿಕೊಂಡಿತು. ಇವು ನಿಂತಿರೋದು ಊರಿನ ಅಂಗಡಿ, ಸಹಕಾರ ಸಂಘ, ಮದುವೆ, ಜಾತ್ರೆ, ಶ್ರದ್ಧಾಂಜಲಿ ಜಾಹೀರಾತುಗಳ ಮೇಲೆ ಮತ್ತು ಊರು ಬಿಟ್ಟು ಹೋದವರ ಪ್ರೀತಿಯ ಮೇಲೆ. ಶಿಕಾರಿಪುರ, ಸೊರಬದವರೂ ಬೆಂಗಳೂರಿನಲ್ಲಿ ಕಡಿಮೆ ಇಲ್ಲ. ಹುಚ್ಚರಾಯಸ್ವಾಮಿ ತೇರಿನ ದಿನ, ಚಂದ್ರಗುತ್ತಿ ಜಾತ್ರೆ ದಿನ ಅವರೇ ಮೊದಲು ಮೊಬೈಲ್ ತೆಗೆದು ನೋಡೋದು.

ಹಾಗಾದ್ರೆ ಕೊರತೆ ತುಂಬೋದು ಹೇಗೆ?

ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 24,000 ರೂ. ಕಡಿಮೆ ಇತ್ತಲ್ಲ? 40 ಅಂಗಡಿಗಳು ತಿಂಗಳಿಗೆ 600 ರೂ. ಕೊಟ್ಟರೆ ಅದು ತುಂಬುತ್ತೆ. ಅಂಗಡಿಗೆ ದಿನಕ್ಕೆ 20 ರೂ., ಹೆಚ್ಚೂಕಮ್ಮಿ ಎರಡು ಟೀ ದುಡ್ಡು. 40 ಜನ ಇದ್ದರೆ ಇನ್ನೊಂದು ಅನುಕೂಲ ಇದೆ. ಒಬ್ಬರ ತಪ್ಪಿನ ಬಗ್ಗೆ ಬರೆಯಬೇಕಾಗಿ ಬಂದು, ಅವರು ಸಿಟ್ಟಾಗಿ ಜಾಹೀರಾತು ನಿಲ್ಲಿಸಿದರೂ ಹೋಗೋದು 600 ರೂ. ಮಾತ್ರ. ಒಬ್ಬನೇ ದೊಡ್ಡ ಜಾಹೀರಾತುದಾರ 24,000 ಕೊಡ್ತಿದ್ದರೆ ಅವನ ವಿರುದ್ಧ ಒಂದು ಸಾಲು ಬರೆಯೋಕೂ ಕೈ ನಡುಗುತ್ತೆ.

ಅಂಗಡಿಯವರೇ, ಜಾಹೀರಾತು ಕೊಡೋ ಮೊದಲು ಇಷ್ಟು ಕೇಳಿ

1. ಸೈಟ್ ಯಾರದ್ದು? ಮಾಲೀಕರ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಸೈಟ್‌ನಲ್ಲಿ ಇರಬೇಕು. 2021ರ ಐಟಿ ನಿಯಮಗಳು ಸುದ್ದಿ ಸೈಟ್‌ಗಳು ಕುಂದುಕೊರತೆ ಅಧಿಕಾರಿಯನ್ನ ಇಟ್ಟುಕೊಂಡು 15 ದಿನದಲ್ಲಿ ದೂರಿಗೆ ತೀರ್ಮಾನ ಕೊಡಬೇಕು ಅನ್ನುತ್ತವೆ. ನೀತಿ ಸಂಹಿತೆಗೆ ಸಂಬಂಧಿಸಿದ ಕೆಲವು ಉಪನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿದೆ. ಆದರೂ ಹೆಸರು, ವಿಳಾಸ ಹಾಕೋಕೆ ಹಿಂಜರಿಯೋ ಸೈಟ್‌ಗೆ ದುಡ್ಡು ಕೊಡೋ ಮೊದಲು ಯೋಚಿಸಿ.

2. ‘ನಮ್ಮ ಸೈಟ್‌ಗೆ ಆರ್‌ಎನ್‌ಐ ನಂಬರ್ ಇದೆ’ ಅಂದ್ರೆ ಅದು ಅಚ್ಚಿನ ಪತ್ರಿಕೆಯ ನೋಂದಣಿ. 2024ರ ಮಾರ್ಚ್ 1ರಿಂದ ಜಾರಿಗೆ ಬಂದ ಹೊಸ ಪತ್ರಿಕಾ ನೋಂದಣಿ ಕಾಯ್ದೆಯೂ ಅಚ್ಚಿನ ಪತ್ರಿಕೆಗಳಿಗೇ ಸಂಬಂಧಿಸಿದ್ದು. ಕೊರಳಲ್ಲಿ ಪ್ರೆಸ್ ಕಾರ್ಡ್ ಇದೆ ಅಂದ ಮಾತ್ರಕ್ಕೆ ಅದೂ ಸರ್ಕಾರದ ಲೈಸೆನ್ಸ್ ಅಲ್ಲ.

3. ಓದುಗರು ಎಷ್ಟು? ಫೇಸ್‌ಬುಕ್ ಲೈಕ್ ಎಷ್ಟು ಅಂತ ಕೇಳಬೇಡಿ, ಕಳೆದ 28 ದಿನದಲ್ಲಿ ಸೈಟ್‌ಗೆ ಬಂದವರು ಎಷ್ಟು ಅಂತ ಅವರ ಮೊಬೈಲ್‌ನಲ್ಲೇ ಗೂಗಲ್ ಅನಲಿಟಿಕ್ಸ್ ತೆಗೆದು ತೋರಿಸೋಕೆ ಹೇಳಿ. ಊರಿನ ಲೆಕ್ಕ ಪೂರ್ತಿ ನಂಬಬೇಡಿ. ಶಿಕಾರಿಪುರದಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ನೋಡಿದರೂ ಎಷ್ಟೋ ಸಲ ಬೆಂಗಳೂರು ಅಂತಲೇ ತೋರಿಸುತ್ತೆ. ತಾಲ್ಲೂಕಿನ ಸುದ್ದಿಗಳನ್ನ ಎಷ್ಟು ಜನ ಓದಿದ್ದಾರೆ ಅಂತ ಒಂದೊಂದಾಗಿ ನೋಡೋದು ಇದಕ್ಕಿಂತ ಒಳ್ಳೇದು.

4. ಬಿಲ್ ತಗೊಳ್ಳಿ. ಆನ್‌ಲೈನ್ ಜಾಹೀರಾತಿಗೆ ಜಿಎಸ್‌ಟಿ ಶೇ 18, ಅಚ್ಚಿನ ಪತ್ರಿಕೆಯ ಜಾಹೀರಾತಿಗೆ ಶೇ 5. ವರ್ಷದ ವಹಿವಾಟು 20 ಲಕ್ಷ ರೂ. ದಾಟದ ಸಣ್ಣ ಸೈಟ್‌ಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ಹಣ ಕೇಳುವ ಹಾಗೂ ಇಲ್ಲ.

5. ಗಿರಾಕಿ ಬಂದರಾ ಅಂತ ನೀವೇ ಲೆಕ್ಕ ಇಡಿ. ‘ಈ ಜಾಹೀರಾತು ತೋರಿಸಿದವರಿಗೆ ರಿಯಾಯಿತಿ’ ಅಂತ ಒಂದು ಸಾಲು ಹಾಕಿಸಿ. ತಿಂಗಳ ಕೊನೆಗೆ ಎಷ್ಟು ಜನ ತೋರಿಸಿದರು ಅಂತ ಎಣಿಸಿ. ಎರಡು ತಿಂಗಳು ನೋಡಿ, ಉಪಯೋಗ ಇಲ್ಲ ಅನಿಸಿದರೆ ನಿಲ್ಲಿಸಿ.

6. ಜಾಹೀರಾತು ಜಾಹೀರಾತಿನ ಹಾಗೇ ಕಾಣಬೇಕು. ದುಡ್ಡು ಕೊಟ್ಟು ಸುದ್ದಿ ಅಂತ ಹಾಕಿಸಿದರೆ ಮೊದಮೊದಲು ಲಾಭ ಅನಿಸುತ್ತೆ. ಓದುಗರಿಗೆ ಗೊತ್ತಾದ ದಿನ ಸೈಟ್‌ನ ಮಾತೂ ನಡೆಯಲ್ಲ, ನಿಮ್ಮ ಅಂಗಡಿಯ ಮಾತೂ ನಡೆಯಲ್ಲ.

ಹೆದರಿಸಿದರೆ ಏನು ಮಾಡಬೇಕು?

‘ಜಾಹೀರಾತು ಕೊಡಿ, ಇಲ್ಲಾಂದ್ರೆ ನಿಮ್ಮ ಬಗ್ಗೆ ಸುದ್ದಿ ಹಾಕ್ತೀವಿ’ ಅಂದರೆ ಅದು ಪತ್ರಿಕೋದ್ಯಮ ಅಲ್ಲ, ಸುಲಿಗೆ. ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಪ್ರಕಾರ ಸುಲಿಗೆಗೆ 7 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಮೆಸೇಜ್, ಕಾಲ್ ರೆಕಾರ್ಡ್ ಅಳಿಸಬೇಡಿ. ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ‘ಹೋಗ್ಲಿ ಬಿಡು, ಸಾವಿರ ರೂಪಾಯಿ ತಾನೆ’ ಅಂತ ಕೊಟ್ಟರೆ ಮುಂದಿನ ತಿಂಗಳು ಇನ್ನಿಬ್ಬರು ಬರ್ತಾರೆ. ಹೀಗೆ ಹೋಗೋ ಸಾವಿರ ರೂಪಾಯಿ ಸರಿಯಾಗಿ ಕೆಲಸ ಮಾಡೋ ಸೈಟ್‌ಗೆ ಸಿಗಬೇಕಿದ್ದ ದುಡ್ಡು.

ಇನ್ನೊಂದು ಕಡೆಯ ಮಾತೂ ಹೇಳಬೇಕು. ಜಾಹೀರಾತು ಕೊಟ್ಟವರು ಕೊಂಡುಕೊಂಡದ್ದು ಪುಟದಲ್ಲಿ ಒಂದಿಷ್ಟು ಜಾಗ. ತಮ್ಮ ಮೇಲಿನ ದೂರನ್ನ ಮುಚ್ಚಿಡೋ ಹಕ್ಕನ್ನ ಅಲ್ಲ. ‘ನಾನು ಜಾಹೀರಾತು ಕೊಡ್ತೀನಲ್ಲ, ಆ ಸುದ್ದಿ ತೆಗೀರಿ’ ಅನ್ನೋದು ಹೆದರಿಸಿ ದುಡ್ಡು ಕೇಳೋದಕ್ಕಿಂತ ಬಹಳ ದೂರದ್ದೇನಲ್ಲ. ಸುದ್ದಿ ತಪ್ಪಿದ್ದರೆ ದಾಖಲೆ ಕೊಟ್ಟು ತಿದ್ದುಪಡಿ ಕೇಳಿ. ತಿದ್ದೋದು ಸೈಟ್‌ನವರ ಕರ್ತವ್ಯ.

ಓದುಗರಿಗೆ ಇದರಿಂದ ಏನು?

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರೇ ಮಂಗನ ಕಾಯಿಲೆಗೆ ಬಂದಿದೆ. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾದದ್ದು ಅಲ್ಲಿ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದೆ ಅನ್ನೋ ಎರಡು ಸಾಲಿನ ಸುದ್ದಿಗೆ ಗೂಗಲ್ ಕೊಡೋದು ಚಿಲ್ಲರೆ ಕಾಸು. ಆದರೆ ಸೌದೆಗೆ, ದರಕಿಗೆ ಕಾಡಿಗೆ ಹೋಗೋರಿಗೆ ಅದು ಜೀವದ ಸುದ್ದಿ. ಅದನ್ನ ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಖಚಿತ ಮಾಡಿಕೊಂಡು, ಅದೇ ದಿನ ಹಾಕೋಕೆ ಊರಿನಲ್ಲಿ ಸಂಬಳ ತಗೊಳ್ಳೋ ಒಬ್ಬ ವರದಿಗಾರ ಇರಬೇಕು. ವಾಟ್ಸಾಪ್ ಗ್ರೂಪಿಗೆ ಬರೋ ಮೆಸೇಜ್‌ಗೆ ಹೊಣೆ ಯಾರೂ ಇಲ್ಲ.

ಓದುಗರು ಮಾಡಬಹುದಾದದ್ದು ದೊಡ್ಡದೇನಲ್ಲ. ಸ್ಕ್ರೀನ್‌ಶಾಟ್ ಬದಲು ಸುದ್ದಿಯ ಲಿಂಕ್ ಕಳಿಸಿ. ಸ್ಕ್ರೀನ್‌ಶಾಟ್ ಸಾವಿರ ಜನ ನೋಡಿದರೂ ಬರೆದವರಿಗೆ ಒಂದು ಪೈಸೆ ಬರಲ್ಲ. ಊರಿನ ಸೈಟ್ ನೋಡಿ ಅಂಗಡಿಗೆ ಹೋದರೆ ಅದನ್ನ ಅಂಗಡಿಯವರಿಗೆ ಹೇಳಿ. ತಪ್ಪು ಕಂಡರೆ ಬೈದು ಸುಮ್ಮನಾಗಬೇಡಿ, ಬರೆದು ಕಳಿಸಿ. ಚಂದಾ ಕೇಳಿದರೆ, ಕೆಲಸ ನೋಡಿ ಕೊಡಿ.

ಈ ಲೆಕ್ಕ ನಮಗೂ ಅನ್ವಯಿಸುತ್ತೆ. ಮೇಲಿನ ಆರು ಪ್ರಶ್ನೆಗಳನ್ನ ಮೊದಲು ನಮಗೇ ಕೇಳಿ. ಈಸೂರಿನ ಸುದ್ದಿ ಆಗಸ್ಟ್ 15ಕ್ಕೆ ಎಲ್ಲರೂ ಬರೀತಾರೆ. ಮಾರನೇ ದಿನ ಗ್ರಾಮಸಭೆಗೆ ಹೋಗಿ ಕೂರೋರು ಬೇಕು ಅಂದ್ರೆ ಅವರ ಪೆಟ್ರೋಲ್ ದುಡ್ಡು ಇದೇ ತಾಲ್ಲೂಕಿನಿಂದ ಬರಬೇಕು.