ಲಕ್ಷಕ್ಕೆ ನಾಲ್ಕು ಮಕ್ಕಳು

ಕರ್ನಾಟಕದ ಮಕ್ಕಳ ಮಧುಮೇಹ ನೋಂದಣಿಯವರು 1995ರಿಂದ ಹದಿಮೂರು ವರ್ಷ ಲೆಕ್ಕವಿಟ್ಟರು. ಟೈಪ್ 1 ಮಧುಮೇಹ ವರ್ಷಕ್ಕೆ ಹೊಸದಾಗಿ ತಗಲುವುದು ಲಕ್ಷ ಹುಡುಗರಲ್ಲಿ 3.7 ಮಂದಿಗೆ, ಲಕ್ಷ ಹುಡುಗಿಯರಲ್ಲಿ 4 ಮಂದಿಗೆ. ಬಹಳ ಸಣ್ಣ ಸಂಖ್ಯೆ. ನನ್ನನ್ನು ಬೆಚ್ಚಿಬೀಳಿಸುವುದು ಅದು ಇಷ್ಟು ಸಣ್ಣದಾಗಿರುವುದೇ.

ಇದೇ ಲೆಕ್ಕವನ್ನು ಪಕ್ಕದ ತಮಿಳುನಾಡಿನ ನೀಲಗಿರಿ ಜಿಲ್ಲೆಗೆ ಹಾಕಿ ನೋಡೋಣ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 7.35 ಲಕ್ಷ. ಬಡಗರ ಹಟ್ಟಿ, ಆದಿವಾಸಿ ಹಾಡಿ, ಟೀ ಎಸ್ಟೇಟಿನ ಲೈನ್‌ಮನೆ, ಊಟಿ ಪೇಟೆ ಎಲ್ಲ ಸೇರಿ ಒಂದೂವರೆ ಲಕ್ಷ ಮಕ್ಕಳು ಎಂದಿಟ್ಟುಕೊಂಡರೆ ವರ್ಷಕ್ಕೆ ಆರು ಮಕ್ಕಳು. ಈಗ ಫಿನ್ಲೆಂಡಿನ ಲೆಕ್ಕ ಹಾಕಿ. ಅಲ್ಲಿ 1980ರಲ್ಲಿ ಲಕ್ಷಕ್ಕೆ 31 ಇದ್ದದ್ದು 2005ಕ್ಕೆ 64 ಆಯಿತು. ಇಪ್ಪತ್ತೈದೇ ವರ್ಷದಲ್ಲಿ ಎರಡು ಪಟ್ಟು. ಆ ದರದಲ್ಲಿ ನೀಲಗಿರಿಯಲ್ಲಿ ವರ್ಷಕ್ಕೆ 96 ಮಕ್ಕಳಾಗುತ್ತಾರೆ.

ದರ ಸಣ್ಣದಾದರೂ ದೇಶ ಸಣ್ಣದಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಲ್ಲಿ ಇಪ್ಪತ್ತು ವರ್ಷದೊಳಗಿನ ಟೈಪ್ 1 ರೋಗಿಗಳು ಭಾರತದಲ್ಲಿ 2,29,400. ಜಗತ್ತಿನಲ್ಲೇ ಇದು ಅತಿ ಹೆಚ್ಚು. ವರ್ಷಕ್ಕೆ ಹೊಸಬರು ಸುಮಾರು 24,000, ಅಂದರೆ ದಿನಕ್ಕೆ ಸುಮಾರು 66.

ಒಂದೇ ಮಗುವಿನ ಲೆಕ್ಕವೂ ಸಣ್ಣದಲ್ಲ. ದಿನಕ್ಕೆ ನಾಲ್ಕು ಇನ್ಸುಲಿನ್ ಚುಚ್ಚುಮದ್ದು ಎಂದರೆ ವರ್ಷಕ್ಕೆ 1,460. ಆರನೇ ವಯಸ್ಸಿನಲ್ಲಿ ಶುರುವಾದರೆ ಹದಿನೆಂಟು ತುಂಬುವಷ್ಟರಲ್ಲಿ 17,520. ಸಕ್ಕರೆ ನೋಡಲು ಬೆರಳಿಗೂ ಅಷ್ಟೇ ಸಲ ಚುಚ್ಚಿದರೆ ಒಟ್ಟು 35,040.

ಹದಿಹರೆಯದವರಿಗೆ ಇನ್ನೊಂದು ದಾರಿಯಿಂದಲೂ ಅಪಾಯ ಬರುತ್ತಿದೆ. ದೊಡ್ಡವರ ಕಾಯಿಲೆ ಎನಿಸಿಕೊಂಡಿದ್ದ ಟೈಪ್ 2, ಅಮೆರಿಕದಲ್ಲಿ 2001ರಿಂದ 2017ರೊಳಗೆ ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ನಮ್ಮಲ್ಲಿ 2016–18ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಹದಿಹರೆಯದ ಹತ್ತರಲ್ಲಿ ಒಬ್ಬರು ಮಧುಮೇಹದ ಹೊಸ್ತಿಲಲ್ಲಿದ್ದರು.

ಮತ್ತೆ ಟೈಪ್ 1ಕ್ಕೆ ಬರೋಣ. ನಮ್ಮ ಲಕ್ಷಕ್ಕೆ ನಾಲ್ಕನ್ನು ನಂಬಬಹುದೇ? ಹರಿಯಾಣದ ಕರ್ನಾಲ್ ಜಿಲ್ಲೆಯ ಎಣಿಕೆ ನೋಡಿ. ಪೇಟೆಯಲ್ಲಿ ಲಕ್ಷ ಜನಕ್ಕೆ 26.6 ಟೈಪ್ 1 ರೋಗಿಗಳು, ಹಳ್ಳಿಗಳಲ್ಲಿ 4.27. ಒಂದೇ ಜಿಲ್ಲೆಯೊಳಗೆ ಆರು ಪಟ್ಟು ಅಂತರ. ಹಳ್ಳಿಯ ಗಾಳಿ ನೀರೇ ಮಕ್ಕಳನ್ನು ಇಷ್ಟು ಕಾಪಾಡುತ್ತದೆಂದು ನಾನು ನಂಬಲಾರೆ. ಹಳ್ಳಿಯ ಮಗು ಲೆಕ್ಕಕ್ಕೆ ಸಿಗುವ ಮೊದಲೇ ತೀರಿಕೊಳ್ಳುವುದು ಈ ಅಂತರಕ್ಕೆ ದೊಡ್ಡ ಕಾರಣವಿರಬೇಕು. ಇನ್ಸುಲಿನ್ ನಿಂತ ದೇಹದಲ್ಲಿ ರಕ್ತ ಆಮ್ಲೀಯವಾಗಿ ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ. ಅದನ್ನು ಹೊಟ್ಟೆ ಕೆಟ್ಟಿದೆ, ನ್ಯುಮೋನಿಯಾ ಎಂದು ತಿಳಿದರೆ ಮಗು ಉಳಿಯುವುದು ಕಷ್ಟ.

ನೀಲಗಿರಿಯಲ್ಲಿ ಮಗುವನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಮಸಿನಗುಡಿಯಿಂದ ಊಟಿಯ ಆಸ್ಪತ್ರೆಗೆ ಹತ್ತುವ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವುಗಳು. ತೆರೆಯದ ಇನ್ಸುಲಿನ್ ಇಡಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಕೆಳಗಿನ ಬಯಲಿನ ಬೇಸಿಗೆ ಅದನ್ನು ಕೆಡಿಸುತ್ತದೆ, ಜನವರಿಯ ಊಟಿಯ ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಸಿಕ್ಕಿ ಹೆಪ್ಪಾದರೂ ಅದು ಕೆಲಸಕ್ಕೆ ಬಾರದು. ಗೂಡಲೂರು ಸುತ್ತಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ರೋಗವೂ ಇದೆ. ಸಾಧಾರಣ ಕೆಂಪು ರಕ್ತಕಣ 120 ದಿನ ಬದುಕಿದರೆ, ಸಿಕಲ್ ಸೆಲ್ ಇದ್ದವರದು ಹತ್ತಿಪ್ಪತ್ತು ದಿನ. ಆದ್ದರಿಂದ ಮೂರು ತಿಂಗಳ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಅವರಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಿಯೂ ಸಣ್ಣ ಸಂಖ್ಯೆಯೇ ಮೋಸ ಮಾಡುತ್ತದೆ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕರ ಲಿಯೊನಾರ್ಡ್ ಥಾಂಪ್ಸನ್ ಮೊದಲ ಇನ್ಸುಲಿನ್ ಚುಚ್ಚುಮದ್ದು ಪಡೆದಾಗ ಅವನ ತೂಕ 29 ಕಿಲೋ. ಅಂದಿನಿಂದ ಈ ಕಾಯಿಲೆಯಲ್ಲಿ ಮಗು ಸಾಯಲೇಬೇಕಾದ ಕಾರಣ ಉಳಿದಿಲ್ಲ. ಮಗುವಿಗೆ ತೀರದ ದಾಹ, ಪದೇಪದೇ ಮೂತ್ರ, ಇಳಿಯುವ ತೂಕ, ವಿಪರೀತ ಸುಸ್ತು ಕಂಡರೆ ಅಂದೇ ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷಿಸಿ. ಗ್ಲೂಕೋಮೀಟರ್ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಕೊಡುತ್ತದೆ. ಅದರಲ್ಲಿ ಸಕ್ಕರೆ 200 mg/dL ದಾಟಿದ್ದರೆ ನಾಳೆಗೆ ಬಿಡಬೇಡಿ. ಆ ಹೊತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.