ಮನೆ ಕಳೆದುಕೊಂಡ ಮಕ್ಕಳ ಮನಸ್ಸು

ಯುದ್ಧ ಬಂದಾಗ, ಹಿಂಸೆ ನಡೆದಾಗ ಜನ ಊರು ಬಿಡುತ್ತಾರೆ. ಜೀವ ಉಳಿದರೆ ಸಾಕು ಅಂತ ಬೇರೆ ದೇಶಕ್ಕೆ ಓಡುತ್ತಾರೆ. ಇಂಥವರನ್ನು ನಾವು ನಿರಾಶ್ರಿತರು ಎನ್ನುತ್ತೇವೆ. ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ ಟಿಬೆಟಿನ ಜನರನ್ನು ನೀವು ನೋಡಿರಬಹುದು. ಸುಮಾರು ೧೯೬೦ರಲ್ಲಿ ಹೀಗೇ ಊರು ಬಿಟ್ಟು ಬಂದವರು ಅಲ್ಲಿ ನೆಲೆಸಿದರು.

ವಿಶ್ವಸಂಸ್ಥೆ ೨೦೨೪ರ ಕೊನೆಯ ಸ್ಥಿತಿಯ ಬಗ್ಗೆ ಒಂದು ಲೆಕ್ಕ ಕೊಟ್ಟಿತು. ಆಗ ಜಗತ್ತಿನಲ್ಲಿ ೧೨ ಕೋಟಿಗೂ ಹೆಚ್ಚು ಜನ ಹೆದರಿ ಮನೆ ಬಿಟ್ಟಿದ್ದರು. ಅವರಲ್ಲಿ ನೂರಕ್ಕೆ ಸುಮಾರು ೪೦ ಮಂದಿ ಮಕ್ಕಳು.

ಈ ಮಕ್ಕಳಿಗೆ ಏನು ಬೇಕು? ಊಟ ಬೇಕು, ಬಟ್ಟೆ ಬೇಕು, ಔಷಧಿ ಬೇಕು. ಇಷ್ಟು ಕೊಟ್ಟರೆ ಸಾಕೇ? ಸಾಲದು, ಅವರ ಮನಸ್ಸನ್ನೂ ನೋಡಬೇಕು ಅಂತ ತೋರಿಸಿಕೊಟ್ಟವರಲ್ಲಿ ಒಬ್ಬರು ಆನ್ನಾ ಫ್ರಾಯ್ಡ್.

ಯಾರು ಈ ಆನ್ನಾ?

ಆನ್ನಾ ಹುಟ್ಟಿದ್ದು ೧೮೯೫ರಲ್ಲಿ, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ. ಮೊದಲು ಅವರು ಶಾಲೆಯ ಟೀಚರ್ ಆಗಿದ್ದರು. ಆಮೇಲೆ ಮಕ್ಕಳ ಮನಸ್ಸಿನ ಅಧ್ಯಯನಕ್ಕೆ ತೊಡಗಿದರು. ೧೯೩೮ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಹಿಟ್ಲರ್ ಯಹೂದಿ ಜನರನ್ನು ಹಿಂಸಿಸುತ್ತಿದ್ದ. ಆನ್ನಾ ಅವರದು ಯಹೂದಿ ಕುಟುಂಬ. ಅದೇ ವರ್ಷ ಅವರು ವಯಸ್ಸಾದ ತಂದೆಯ ಜೊತೆ ಲಂಡನ್ನಿಗೆ ಬಂದರು. ಅಂದರೆ ಆನ್ನಾ ಕೂಡ ನಿರಾಶ್ರಿತರೇ.

ಬಾಂಬಿಗಿಂತ ದೊಡ್ಡ ಭಯ

೧೯೩೯ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಲಂಡನ್ನಿನ ಮೇಲೆ ಬಾಂಬು ಬಿದ್ದವು. ೧೯೪೧ರಲ್ಲಿ ಆನ್ನಾ ಮತ್ತು ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಸೇರಿ ಮಕ್ಕಳಿಗಾಗಿ ಆಸರೆಮನೆ ತೆರೆದರು.

ಮಕ್ಕಳಿಗೆ ಬಾಂಬಿನ ಭಯವೇ ದೊಡ್ಡದು ಅಂತ ಯಾರಿಗಾದರೂ ಅನಿಸುತ್ತೆ, ಅಲ್ಲವೇ? ಆದರೆ ಕಂಡದ್ದೇ ಬೇರೆ. ತಾಯಿ ಹತ್ತಿರವಿದ್ದು, ಅವಳು ಧೈರ್ಯವಾಗಿದ್ದರೆ ಮಗುವೂ ಧೈರ್ಯವಾಗಿರುತ್ತಿತ್ತು. ತಾಯಿಯನ್ನು ಬಿಟ್ಟು ಬಂದ ಮಗು ಮಾತ್ರ ಕುಗ್ಗಿಹೋಗುತ್ತಿತ್ತು. ನಿಲ್ಲಿಸಿದ್ದ ಹಾಸಿಗೆ ಒದ್ದೆ ಮಾಡೋದನ್ನು ಮತ್ತೆ ಶುರು ಮಾಡುತ್ತಿತ್ತು.

ಅದಕ್ಕೇ ಅವರು ಮಕ್ಕಳನ್ನು ನಾಲ್ಕೈದು ಜನರ ಚಿಕ್ಕ ಚಿಕ್ಕ ಗುಂಪು ಮಾಡಿದರು. ಒಂದೊಂದು ಗುಂಪಿಗೂ ತಾಯಿಯಂತೆ ನೋಡಿಕೊಳ್ಳಲು ಒಬ್ಬಾಕೆ. ಒಡಹುಟ್ಟಿದವರು ಒಂದೇ ಕಡೆ. ಹೆತ್ತವರು ಯಾವಾಗ ಬೇಕಾದರೂ ಬರಬಹುದು.

ಆರು ಮಕ್ಕಳ ಕಥೆ

೧೯೪೫ರಲ್ಲಿ ಯುದ್ಧ ಮುಗಿಯಿತು. ಟೆರೆಜಿನ್ ಎಂಬಲ್ಲಿ ಹಿಟ್ಲರನ ಸೆರೆಶಿಬಿರವಿತ್ತು. ಅದು ಈಗಿನ ಚೆಕ್ ದೇಶದಲ್ಲಿದೆ. ಅಲ್ಲಿಂದ ಮೂರು ನಾಲ್ಕು ವಯಸ್ಸಿನ ಆರು ಮಕ್ಕಳು ಇಂಗ್ಲೆಂಡಿಗೆ ಬಂದರು. ಅವರ ತಂದೆತಾಯಿಯರನ್ನು ಕೊಂದಿದ್ದರು. ತಾಯಿಯ ಮುಖವೂ ಆ ಮಕ್ಕಳಿಗೆ ನೆನಪಿರಲಿಲ್ಲ. ಅವರನ್ನು ಒಂದು ಹಳ್ಳಿಮನೆಯಲ್ಲಿ ಇಟ್ಟರು. ಸೋಫಿ ಡಾನ್, ಗೆರ್ಟ್ರೂಡ್ ಡಾನ್ ಎಂಬ ಅಕ್ಕತಂಗಿಯರು ನೋಡಿಕೊಂಡರು. ಅವರೂ ಜರ್ಮನಿಯಿಂದ ಬಂದ ನಿರಾಶ್ರಿತರೇ.

ಮೊದಮೊದಲು ಮಕ್ಕಳು ಆಟದ ಸಾಮಾನು ಮುರಿದುಹಾಕಿದರು. ದೊಡ್ಡವರನ್ನು ಹೊಡೆದರು, ಕಚ್ಚಿದರು, ಉಗುಳಿದರು. ನಾಯಿ ಕಂಡರೆ ನಡುಗುತ್ತಿದ್ದರು.

ಆದರೆ ಅವರಲ್ಲೇ ಎಂಥ ಪ್ರೀತಿ! ಒಬ್ಬರನ್ನು ಬಿಟ್ಟು ಒಬ್ಬರು ಕ್ಷಣವೂ ಇರುತ್ತಿರಲಿಲ್ಲ. ಒಂದು ದಿನ ಒಬ್ಬ ಹುಡುಗ ಕೇಕು ಮುಗಿದುಹೋಯಿತು ಅಂತ ಅತ್ತ. ಇಬ್ಬರು ಹುಡುಗಿಯರು ತಮ್ಮ ಪಾಲಿನಲ್ಲಿ ಉಳಿದದ್ದನ್ನು ಅವನಿಗೆ ಕೊಟ್ಟುಬಿಟ್ಟರು. ಚಳಿಯಲ್ಲಿ ಒಬ್ಬ ಕೈಗವಸು ಕಳೆದುಕೊಂಡ. ಇನ್ನೊಬ್ಬ ತನ್ನದನ್ನೇ ಬಿಚ್ಚಿಕೊಟ್ಟ.

ಅಕ್ಕತಂಗಿಯರು ಮಕ್ಕಳನ್ನು ಬೇರೆ ಬೇರೆ ಮಾಡಲಿಲ್ಲ. ತಾಳ್ಮೆಯಿಂದ ಕಾದರು. ನಿಧಾನಕ್ಕೆ ಮಕ್ಕಳು ದೊಡ್ಡವರನ್ನೂ ತಮ್ಮವರು ಅಂದುಕೊಂಡರು. ಅವರು ಮಲಗಿದ್ದರೆ ಸದ್ದು ಮಾಡದೆ ಓಡಾಡಿದರು. ಕೆಲಸಕ್ಕೆ ಕೈಜೋಡಿಸಿದರು. ಒಂದು ವರ್ಷದಲ್ಲಿ ಇಂಗ್ಲಿಷ್ ಮಾತೂ ಕಲಿತರು. ಭಯ, ಚಡಪಡಿಕೆ ಪೂರ್ತಿ ಹೋಗಲಿಲ್ಲ. ಆದರೂ ಅವರು ಬುದ್ಧಿಗೆಟ್ಟವರಲ್ಲ, ಕೆಟ್ಟವರಲ್ಲ. ೧೯೫೧ರಲ್ಲಿ ಆನ್ನಾ ಮತ್ತು ಸೋಫಿ ಇದನ್ನೆಲ್ಲ ಬರೆದು ಪ್ರಕಟಿಸಿದರು.

ನಮಗೆ ತಿಳಿಯುವುದೇನು?

ಮಗು ಕಚ್ಚಿದರೆ, ಮುರಿದರೆ ಅದು ಕೊಬ್ಬಲ್ಲ. ಒಳಗಿನ ನೋವು ಹಾಗೆ ಹೊರಗೆ ಬರುತ್ತದೆ. ಬೈದರೆ ನೋವು ಹೆಚ್ಚಾಗುತ್ತದೆ. ಅಣ್ಣ ತಂಗಿ, ಗೆಳೆಯರು ಜೊತೆಗಿದ್ದರೆ ಅವರನ್ನು ಅಗಲಿಸಬಾರದು. ಮಗುವನ್ನು ನೋಡಿಕೊಳ್ಳುವವರು ದಿನಕ್ಕೊಬ್ಬರಂತೆ ಬದಲಾಗಬಾರದು.

ಮನೆಯನ್ನು ಮತ್ತೆ ಕಟ್ಟಬಹುದು. ಮಗುವಿಗೆ ಮನೆ ಅಂದರೆ ಗೋಡೆಯಲ್ಲ, ಜೊತೆಗಿರುವ ಜನ. ಆ ಜನರನ್ನು ಅದರಿಂದ ಕಿತ್ತುಕೊಳ್ಳದಿರೋಣ.

ಓದಿ, ಮಾತಾಡಿ:
೧. ಆರು ಮಕ್ಕಳು ಆಟದ ಸಾಮಾನು ಮುರಿದದ್ದು ಯಾಕೆ?
೨. ಅವರನ್ನು ಬೇರೆ ಬೇರೆ ಮಾಡಿದ್ದರೆ ಏನಾಗುತ್ತಿತ್ತು?
೩. ಹೆದರಿದ ಮಗು ಬಂದರೆ ನೀವು ಮೊದಲು ಏನು ಮಾಡುತ್ತೀರಿ?