ಹಾಡು ನುಂಗುವ ಮಾರ್ದನಿ

ಗಣಪತಿ ಹಬ್ಬ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಊರುಗಳಲ್ಲಿ ರಸಮಂಜರಿಯ ಸುಗ್ಗಿ. ರಾಜ್ಯೋತ್ಸವಕ್ಕೂ ಜಾತ್ರೆಗೂ ಯುವಕ ಸಂಘದ ವಾರ್ಷಿಕೋತ್ಸವಕ್ಕೂ ಆರ್ಕೆಸ್ಟ್ರಾ ಬೇಕು. ಕೀಬೋರ್ಡ್, ತಬಲಾ, ರಿದಂ ಪ್ಯಾಡ್‌ಗಳ ಪಕ್ಕದಲ್ಲಿ ಲೀಡ್ ಗಿಟಾರ್ ಹಿಡಿದ ಹುಡುಗನೊಬ್ಬ ನಿಂತಿರುತ್ತಾನೆ. ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ 2021ರಲ್ಲಿ ಮಾದಪ್ಪನ ಪದವೊಂದು ಕೇಳಿಬಂದ ಮೇಲಂತೂ, ಬೆಟ್ಟದ ದಾರಿಯಲ್ಲಿ ಪರಸೆಯವರ ಬಾಯಲ್ಲಿದ್ದ ಹಾಡನ್ನು ಗಿಟಾರಿನೊಡನೆ ಹಾಡಿರೆಂದು ವೇದಿಕೆಗೆ ಚೀಟಿ ಬರುವುದೂ ಉಂಟು.

ಆದರೆ ಹಾಡು ಶುರುವಾದ ಎರಡು ನಿಮಿಷಕ್ಕೆ ಏನಾಗುತ್ತದೆ? ಗಾಯಕ ಒಂದು ಪದ ಹೇಳಿದರೆ ಅದೇ ಪದ ನಾಲ್ಕು ಸಲ ಹಿಂಬಾಲಿಸುತ್ತದೆ. ಗಿಟಾರಿನ ಒಂದು ಸ್ವರದ ಮೇಲೆ ಇನ್ನೊಂದು ಬಿದ್ದು ಎಲ್ಲವೂ ಕಲಸುಮೇಲೋಗರ. ಹಿಂದೆ ಕುಳಿತ ಹಿರಿಯರು ‘ಮೈಕು ಸರಿಯಿಲ್ಲ’ ಎಂದು ಎದ್ದು ಹೋಗುತ್ತಾರೆ. ಪಾಪ, ಮೈಕಿನದೇನೂ ತಪ್ಪಿಲ್ಲ! ತಪ್ಪು ಇರುವುದು ಎರಡು ತಿರುಪುಗಳ ಹೊಂದಾಣಿಕೆಯಲ್ಲಿ. ಒಂದು ವಾಲ್ಯೂಮ್, ಇನ್ನೊಂದು ಎಕೋ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾನೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕವನು, ‘ಸಾರ್, ಮನೇಲಿ ನುಡಿಸಿದ್ರೆ ಎಕೋ ಚೆಂದಾಗಿ ಕೇಳ್ತದೆ, ಸ್ಟೇಜ್ ಮ್ಯಾಲೆ ಯಾಕೆ ಕಲಸೋಯ್ತದೆ?’ ಎಂದು ಕೇಳಿದ. ಪ್ರಶ್ನೆ ಚಿಕ್ಕದು. ಉತ್ತರದಲ್ಲಿ ಮಾತ್ರ ಒಳ್ಳೆಯ ಭೌತಶಾಸ್ತ್ರವಿದೆ.

ಬೆಟ್ಟದ್ದೂ ಪೆಟ್ಟಿಗೆಯದೂ

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ನಾವು ಕೂಗಿದ್ದು ಎದುರಿನ ಬಂಡೆಗೆ ತಾಗಿ ಮರಳಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಸಮಯ ಹಿಡಿದರೆ ಅದು ಪ್ರತಿಧ್ವನಿಯಾಗಿ ಬೇರೆಯಾಗಿ ಕೇಳುತ್ತದೆ ಎಂಬುದು ಶಾಲೆಯ ಪಾಠ. ಹಾಗಾಗಬೇಕಾದರೆ ಬಂಡೆ ಕನಿಷ್ಠ 17 ಮೀಟರ್ ದೂರವಿರಬೇಕು. ಬಂಡೆ 85 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ 170 ಮೀಟರ್. ಉತ್ತರ ಬರುವುದು ಅರ್ಧ ಸೆಕೆಂಡಿಗೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರುನುಡಿಯುವುದು, ಗುಮ್ಮಟದ ಒಳಮೈಗೆ ಶಬ್ದ ಮತ್ತೆ ಮತ್ತೆ ಬಡಿದು ಮರಳುವುದರಿಂದ.

ಬೆಟ್ಟವನ್ನು ವೇದಿಕೆಗೆ ಹೊತ್ತು ತರಲಾಗದು. ಆದ್ದರಿಂದ ಮಾರ್ದನಿಯನ್ನು ಪೆಟ್ಟಿಗೆಯಲ್ಲಿ ತುಂಬುವ ಉಪಾಯಗಳು ಹುಟ್ಟಿದವು. ಮೊದಲಿಗೆ ಬಂದದ್ದು ಟೇಪು. ಒಂದು ಹೆಡ್ಡು ಶಬ್ದವನ್ನು ಟೇಪಿನ ಮೇಲೆ ಬರೆಯುತ್ತದೆ. ಟೇಪು ಸ್ವಲ್ಪ ಮುಂದೆ ಓಡಿದ ಮೇಲೆ ಇನ್ನೊಂದು ಹೆಡ್ಡು ಅದನ್ನು ಓದುತ್ತದೆ. ನಡುವೆ ಹಿಡಿದ ಸಮಯವೇ ವಿಳಂಬ. ಅಮೆರಿಕದ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ 1954ರಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ಹಾಡುಗಳಿಗೆ ಆ ಮೆರುಗು ಬಂದದ್ದು ಹೀಗೆ. ಜಪಾನಿನ ರೋಲಂಡ್ ಕಂಪನಿಯ ‘ಸ್ಪೇಸ್ ಎಕೋ’ 1974ರಲ್ಲಿ ಬಂದು ವಾದ್ಯಗೋಷ್ಠಿಗಳಲ್ಲಿ ಹೆಸರು ಮಾಡಿತು.

ಅದಕ್ಕೂ ಮುಂಚೆ, 1969ರಲ್ಲಿ, ಫಿಲಿಪ್ಸ್ ಪ್ರಯೋಗಾಲಯದಲ್ಲಿ ಟೇಪಿಲ್ಲದ ಉಪಾಯವೊಂದು ಸಿದ್ಧವಾಗಿತ್ತು. ಬೆಂಕಿ ಬಿದ್ದಾಗ ಬಾವಿಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ನೀರಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ವಿದ್ಯುತ್ ಅಂಶವನ್ನು ಒಂದು ಕೆಪಾಸಿಟರಿನಿಂದ ಮುಂದಿನ ಕೆಪಾಸಿಟರಿಗೆ ದಾಟಿಸುವ ಚಿಪ್ ಅದು. ಅದರ ಹೆಸರೇ ‘ಬಕೆಟ್ ಬ್ರಿಗೇಡ್’! ಇಂದಿನ ಉಪಕರಣಗಳು ಹೆಚ್ಚಾಗಿ ಶಬ್ದವನ್ನು ಅಂಕಿಗಳಾಗಿ ಬರೆದಿಟ್ಟುಕೊಂಡು, ಹೇಳಿದಷ್ಟು ಹೊತ್ತು ಕಳೆದ ಮೇಲೆ ಒಪ್ಪಿಸುತ್ತವೆ.

ಎಲ್ಲದರಲ್ಲೂ ಮುಖ್ಯವಾಗಿ ಮೂರು ತಿರುಪುಗಳಿರುತ್ತವೆ. ಮಾರ್ದನಿ ಎಷ್ಟು ತಡವಾಗಿ ಬರಬೇಕು, ಎಷ್ಟು ಸಲ ಬರಬೇಕು, ಎಷ್ಟು ಗಟ್ಟಿಯಾಗಿ ಬರಬೇಕು.

ಕೊಳಗದ ಲೆಕ್ಕ

ಈಗ ವಾಲ್ಯೂಮಿನ ಕಡೆ ನೋಡೋಣ. ಕಣದಲ್ಲಿ ರಾಗಿ ಅಳೆಯುವಾಗ ಕೊಳಗ ತುಂಬಿ ಮೇಲೆ ಗೋಪುರ ನಿಂತರೆ ಕೈಯಾಡಿಸಿ ಮಟ್ಟ ಮಾಡುತ್ತಾರೆ. ಎಷ್ಟೇ ಸುರಿದರೂ ಕೊಳಗಕ್ಕೆ ಕೊಳಗವೇ ಅಳತೆ. ಆಂಪ್ಲಿಫೈಯರ್ ಕೂಡ ಹಾಗೆಯೇ. ಅದಕ್ಕೆ ಸಿಕ್ಕುವ ವಿದ್ಯುತ್ತಿಗೆ ಒಂದು ಮಿತಿಯಿದೆ. ಅದಕ್ಕಿಂತ ಎತ್ತರದ ಅಲೆ ಬೇಕೆಂದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಗಿಟಾರಿನವರು ಬಯಸುವ ಗರಗರ ದನಿ ಅದೇ. ಅದನ್ನವರು ಓವರ್‌ಡ್ರೈವ್ ಎನ್ನುತ್ತಾರೆ. ಹದವಾಗಿದ್ದರೆ ಅದು ಕಿವಿಗೆ ಹಿತವೇ.

ತೊಂದರೆ ಬರುವುದು ಎಕೋ ಪೆಟ್ಟಿಗೆಯನ್ನು ಇಂಥ ಆಂಪ್ಲಿಫೈಯರಿನ ಮುಂದೆ ಸೇರಿಸಿದಾಗ. ಒಂದು ಸಣ್ಣ ಲೆಕ್ಕ ಮಾಡೋಣ. ಗಿಟಾರಿನ ಸ್ವರ 8 ಅಂಶವಿದೆ ಎನ್ನಿ. ಪ್ರತಿ ಮಾರ್ದನಿಯೂ ಹಿಂದಿನದರ ಅರ್ಧ. ಅಂದರೆ 4, 2, 1. ಆಂಪ್ಲಿಫೈಯರ್ ಬಂದದ್ದನ್ನು ಹತ್ತು ಪಟ್ಟು ಮಾಡುತ್ತದೆ. ಆದರೆ ಅದರ ಮಿತಿ 20. ಮೂಲ ಸ್ವರ 80 ಆಗಬೇಕಿತ್ತು, 20ಕ್ಕೆ ನಿಂತಿತು. ಮೊದಲ ಮಾರ್ದನಿ 40 ಆಗಬೇಕಿತ್ತು, ಅದೂ 20. ಎರಡನೆಯದು ಸರಿಯಾಗಿ 20. ಮೂರನೆಯದು 10. ನೋಡಿದಿರಾ? ಯಜಮಾನನೂ ಹಿಂದೆ ಬಂದ ಇಬ್ಬರು ಆಳುಗಳೂ ಒಂದೇ ಎತ್ತರ! ಮಾರ್ದನಿಯನ್ನು ಯಾರೂ ಜೋರು ಮಾಡಲಿಲ್ಲ. ಮೂಲ ಸ್ವರ ಮೇಲೇಳಲಾರದೆ ನಿಂತಿತು, ಅಷ್ಟೆ.

ಮನೆಯಲ್ಲಿ ವಾಲ್ಯೂಮ್ ಕಡಿಮೆಯಿತ್ತು. ಎರಡೂವರೆ ಪಟ್ಟು ಎಂದಿಟ್ಟುಕೊಳ್ಳಿ. ಆಗ 20, 10, 5, ಎರಡೂವರೆ ಎಂದು ಮೆಟ್ಟಿಲಿಳಿದ ಹಾಗೆ ಮಾರ್ದನಿ ಕರಗಿತು. ಅದೇ ಪೆಟ್ಟಿಗೆ, ಅದೇ ತಿರುಪು. ವೇದಿಕೆಯ ಮೇಲೆ ವಾಲ್ಯೂಮ್ ಏರಿಸಿದೊಡನೆ ಮೆಟ್ಟಿಲು ಹೋಗಿ ಜಗಲಿಯಾಯಿತು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇದು.

ಇನ್ನೂ ಒಂದು ಉಪದ್ರವವಿದೆ. ಹಳೆಯ ಸ್ವರದ ಮಾರ್ದನಿ ಮುಗಿಯುವ ಮೊದಲೇ ಹೊಸ ಸ್ವರ ಬಂದರೆ ಎರಡೂ ಒಟ್ಟಿಗೆ ಚಪ್ಪಟೆಯಾಗುತ್ತವೆ. 200 ಮತ್ತು 270 ಕಂಪನಗಳ ಎರಡು ಸ್ವರಗಳು ಹಾಗೆ ಕೂಡಿದರೆ 130, 340 ಕಂಪನಗಳ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಯಾರೂ ನುಡಿಸದ ಸ್ವರಗಳಿವು. ಶ್ರುತಿಪೆಟ್ಟಿಗೆ ಸರಿಯಿದ್ದರೂ ಅಪಸ್ವರ ಕೇಳುವುದು ಇದರಿಂದ.

ಯಾವುದು ಮೊದಲು?

ಪರಿಹಾರ ಕಷ್ಟದ್ದಲ್ಲ. ಗರಗರ ಮೊದಲು, ಮಾರ್ದನಿ ಆಮೇಲೆ. ಅನೇಕ ಗಿಟಾರ್ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ ಸೆಂಡ್, ರಿಟರ್ನ್ ಎಂದು ಎರಡು ತೂತುಗಳಿರುತ್ತವೆ. ದನಿಗೆ ಬಣ್ಣ ಬರುವ ಮೊದಲ ಭಾಗ ಮುಗಿದು, ಶಕ್ತಿ ಕೊಡುವ ಎರಡನೇ ಭಾಗ ಶುರುವಾಗುವ ಜಾಗ ಅದು. ಎಕೋ ಪೆಟ್ಟಿಗೆಯನ್ನು ಅಲ್ಲಿ ಸೇರಿಸಿದರೆ ಈಗಾಗಲೇ 20ಕ್ಕೆ ಮಟ್ಟವಾದ ಸ್ವರವೇ 10, 5 ಎಂದು ಇಳಿಯುತ್ತಾ ಹೋಗುತ್ತದೆ. ಕಾಲಿನಲ್ಲಿ ಒತ್ತುವ ಪೆಡಲುಗಳಿದ್ದರೆ ಗಿಟಾರಿನಿಂದ ಹೊರಟ ತಂತಿ ಮೊದಲು ಓವರ್‌ಡ್ರೈವ್ ಪೆಡಲಿಗೆ, ಅನಂತರ ಎಕೋ ಪೆಡಲಿಗೆ ಹೋಗಲಿ. ಆ ಮೇಲೆ ಆಂಪ್ಲಿಫೈಯರನ್ನು ಮಿತಿಯೊಳಗೆ ಇಡಬೇಕು.

ಎರಡನೇ ಭಾಗವೇ ಮಿತಿ ಮೀರುವಷ್ಟು ತಿರುಗಿಸಿದರೆ ಈ ತೂತುಗಳಿಂದಲೂ ಪ್ರಯೋಜನವಿಲ್ಲ. ಆಗ ಗಿಟಾರಿನ ಸ್ಪೀಕರಿನ ಮುಂದೆ ಒಂದು ಮೈಕಿಟ್ಟು, ಮಿಕ್ಸರಿನಲ್ಲಿ ಎಕೋ ಸೇರಿಸುವುದೇ ಸರಿ. ಅದಕ್ಕೂ ಒಂದು ಷರತ್ತು: ಮೈಕ್‌ಸೆಟ್‌ನ ದೊಡ್ಡ ಆಂಪ್ಲಿಫೈಯರಿನಲ್ಲಿ ಕೆಂಪು ದೀಪ ಹೊತ್ತಿಯೇ ಇರಬಾರದು. ಹೊತ್ತಿದ್ದರೆ ಕೊಳಗದ ಲೆಕ್ಕ ಅಲ್ಲಿ ಮತ್ತೆ ಶುರು. ಹಾಡುಗಾರನ ದನಿಗೂ ಇದೇ ಗತಿ.

ಎಕೋ ಮುಂದೆ ಸೇರಿಸುವುದೇ ತಪ್ಪು ಎಂದಲ್ಲ. ಐರ್ಲೆಂಡಿನ ಯು2 ತಂಡದ ‘ದಿ ಎಡ್ಜ್’ ಎಂಬ ಗಿಟಾರ್ ವಾದಕ ಹಾಗೆ ನುಡಿಸಿಯೇ ಪ್ರಸಿದ್ಧನಾದ. ಆದರೆ ಆತ ಆಂಪ್ಲಿಫೈಯರನ್ನು ಗರಗರದ ಹೊಸ್ತಿಲಲ್ಲಿ ಮಾತ್ರ ನಿಲ್ಲಿಸುತ್ತಾನೆ. ಸ್ವರಗಳೂ ಮಿತ, ಮಾರ್ದನಿಗೆ ಜಾಗ ಬಿಟ್ಟೇ ನುಡಿಸುತ್ತಾನೆ.

ತಾಳಕ್ಕೆ ತಕ್ಕ ತಡ

ಕಂಸಾಳೆಯವರ ಕೈಚಳಕ ನೋಡಿದವರಿಗೆ ಗೊತ್ತು, ಒಂದು ಪೆಟ್ಟು ಅತ್ತಿತ್ತಾದರೂ ಕುಣಿತ ಕೆಡುತ್ತದೆ. ತಾಳವಿಲ್ಲದ ಎಕೋ ಮಾಡುವುದು ಇದನ್ನೇ. ತಾಳಕ್ಕೆ ಹೊಂದಿಸಲು 60,000ವನ್ನು ನಿಮಿಷಕ್ಕೆ ಬೀಳುವ ಪೆಟ್ಟುಗಳಿಂದ ಭಾಗಿಸಿ. ನಿಮಿಷಕ್ಕೆ 100 ಪೆಟ್ಟಿದ್ದರೆ ಒಂದು ಪೆಟ್ಟಿಗೆ 600 ಮಿಲಿಸೆಕೆಂಡು. ಎಕೋವನ್ನು 300ಕ್ಕೆ ಇಟ್ಟರೆ ಅರ್ಧ ಪೆಟ್ಟಿಗೆ ಸರಿಯಾಗಿ ಬೀಳುತ್ತದೆ. 450ಕ್ಕೆ ಇಟ್ಟರೆ ಮುಕ್ಕಾಲಿಗೆ ಬಿದ್ದು ಕುಣಿಯುವ ಹಾಗಿರುತ್ತದೆ. ಎರಡು ಮೂರು ಸಲ ಮರುಕಳಿಸಿದರೆ ಸಾಕು. ಆ ತಿರುಪನ್ನು ಪೂರ್ತಿ ತಿರುಗಿಸಿದರೆ ಮಾರ್ದನಿ ನಿಲ್ಲುವುದೇ ಇಲ್ಲ, ಬೆಳೆಯುತ್ತಲೇ ಹೋಗುವುದೂ ಉಂಟು.

ಬಯಲು ಮತ್ತು ಕಲ್ಯಾಣ ಮಂಟಪ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ಬರೀ ಗೋಡೆಗಳ ಮಂಟಪದಲ್ಲಿ ಕಟ್ಟಡವೇ ಸಾಕಷ್ಟು ಮಾರ್ದನಿ ಕೊಡುತ್ತದೆ. ಅಲ್ಲಿ ಪೆಟ್ಟಿಗೆಯ ಎಕೋ ಅರ್ಧಕ್ಕಿಂತ ಕಡಿಮೆಯಿರಲಿ. ಬಯಲಿನ ಜಾತ್ರೆಯಲ್ಲಿ ಬೀದಿಯುದ್ದಕ್ಕೂ ಕಂಬಗಳಿಗೆ ಹಾರ್ನ್ ಕಟ್ಟಿರುತ್ತಾರೆ. ಹತ್ತಿರದ ಹಾರ್ನಿಗಿಂತ ಇನ್ನೊಂದು 170 ಮೀಟರ್ ಹೆಚ್ಚು ದೂರವಿದ್ದರೆ ಎರಡನೆಯದರ ದನಿ ಅರ್ಧ ಸೆಕೆಂಡು ತಡವಾಗಿ ಬರುತ್ತದೆ. ಅಲ್ಲಿಗೆ ಎಕೋ ಉಚಿತವಾಗಿಯೇ ಸಿಕ್ಕಿತು! ವೇದಿಕೆಯ ಬಳಿ ಕುಳಿತ ಮೈಕ್‌ಸೆಟ್‌ನವರಿಗೆ ಇದು ಕೇಳುವುದಿಲ್ಲ. ಹಾಡಿನ ನಡುವೆ ಒಬ್ಬರು ಎದ್ದು ಕೊನೆಯ ಕಂಬದವರೆಗೆ ನಡೆದು ಬರುವುದು ಯಾವ ಯಂತ್ರಕ್ಕೂ ಮಿಗಿಲಾದ ಪರೀಕ್ಷೆ.

ಮಾತು ಮುಟ್ಟಬೇಕು

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ನಮ್ಮ ಸೀಮೆಯ ಹಾಡುಗಳನ್ನು ನೆನೆಯಿರಿ. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯವರು, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಇಲ್ಲಿ ರಾಗಕ್ಕಿಂತ ಕಥೆ ದೊಡ್ಡದು. ತಂಬೂರಿ, ಡಕ್ಕೆ, ಗಗ್ಗರಗಳು ಮಾತಿಗೆ ದಾರಿ ಬಿಟ್ಟು ನುಡಿಯುತ್ತವೆ. ಮಾತೇ ಕೇಳದಿದ್ದರೆ ಕೇಳುಗನಿಗೆ ಉಳಿಯುವುದೇನು? ಮಕ್ಕಳು ಈ ಕಥೆಗಳನ್ನು ಕಲಿಯುವುದು ಕಿವಿಯಿಂದಲೇ.

ಜಾತ್ರೆಯೊಂದರಲ್ಲಿ ತಪ್ಪಿಸಿಕೊಂಡ ಮಗುವಿನ ಪ್ರಕಟಣೆಯನ್ನು ಕೇಳಿದ್ದೇನೆ. ಹಾಡಿಗೆಂದು ಹಾಕಿದ್ದ ಎಕೋ ಹಾಗೆಯೇ ಇತ್ತು, ವಾಲ್ಯೂಮ್ ತುದಿಯಲ್ಲಿತ್ತು. ಮಗುವಿನ ಹೆಸರಾಗಲಿ ತಂದೆಯ ಊರಾಗಲಿ ತಿಳಿಯಲಿಲ್ಲ. ಮೂರನೇ ಸಲ ಯಾರೋ ಎಕೋ ಆರಿಸಿ, ನಿಧಾನವಾಗಿ ಹೇಳಿದ ಮೇಲೆ ಗುಂಪಿನ ಅಂಚಿನಿಂದ ತಾಯಿ ಓಡಿ ಬಂದರು. ಪ್ರಕಟಣೆಗೆ ಮೈಕ್ ಹಿಡಿದಾಗ ಎಕೋ ಪೂರ್ತಿ ಆರಿಸುವುದನ್ನು ಪ್ರತಿ ಸಮಿತಿಯೂ ನಿಯಮ ಮಾಡಿಕೊಳ್ಳಬೇಕು.

ಬರುವ ಹಬ್ಬಕ್ಕೆ ಆರ್ಕೆಸ್ಟ್ರಾ ಕರೆಸುವವರು ಗಿಟಾರಿನ ಹುಡುಗನಿಗೂ ಮೈಕ್‌ಸೆಟ್‌ನವರಿಗೂ ಸಂಜೆಯ ಬೆಳಕಿರುವಾಗಲೇ ಅರ್ಧ ಗಂಟೆ ಕೊಡಲಿ. ಮೊದಲು ವಾಲ್ಯೂಮ್ ಹೊಂದಿಸಿ, ಆಮೇಲೆ ಎಕೋ ಮುಟ್ಟಲಿ. ಹಿಂದಿನ ಸಾಲಿನ ಅಜ್ಜಿಗೆ ಹಾಡಿನ ಪದ ತಿಳಿದರೆ, ತಿರುಪು ಸರಿಯಾದ ಜಾಗದಲ್ಲಿದೆ ಎಂದು ತಿಳಿಯಬಹುದು.